ಬಯಲನ್ನು ಓದುವ ಕಣ್ಣು: ಡಚ್ ಭೂದೃಶ್ಯ ರೇಖಾಚಿತ್ರಗಳೂ ಘಟಪ್ರಭೆಯ ದಂಡೆಯೂ

ಪೀಠಿಕೆ

ಕ್ರಿಸ್ತಜಯಂತಿ ಸಮೀಪಿಸುತ್ತಿದ್ದಂತೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಕ್ರೈಸ್ತರ ಮನೆಗಳಲ್ಲಿಯೂ ಪ್ರಾರ್ಥನಾಲಯಗಳಲ್ಲಿಯೂ ಗೋದಲಿ ಕಟ್ಟುವ ಕೆಲಸ ಆರಂಭವಾಗುತ್ತದೆ. ಗೋದಲಿಯ ಹಿಂದೆ ಪೇಟೆಯಿಂದ ತಂದ ಒಂದು ಚಿತ್ರಪಟವಿರುತ್ತದೆ. ಅದರಲ್ಲಿ ಹಿಮ ಮುಚ್ಚಿದ ಬೆಟ್ಟ, ಚೂಪು ತುದಿಯ ಮರಗಳು, ಒಮ್ಮೊಮ್ಮೆ ಒಂದು ಕಾಲುವೆ, ಅದರ ದಂಡೆಯಲ್ಲಿ ಒಂದು ಗಾಳಿಗಿರಣಿ. ನೆಲದ ಮೇಲೆ ಹರಡಿದ ಹತ್ತಿಯೇ ಹಿಮ. ಅದೇ ವಾರಗಳಲ್ಲಿ ಹೊರಗೆ ಕಬ್ಬಿನ ಕಟಾವು ನಡೆದಿರುತ್ತದೆ. ಬೀಡ, ವಿಜಯಪುರದ ಕಡೆಗಳಿಂದ ಬಂದ ಗ್ಯಾಂಗುಗಳು ಹೊಲದ ಅಂಚಿನಲ್ಲಿ ಜೋಪಡಿ ಹಾಕಿಕೊಂಡಿರುತ್ತವೆ. ತಾಯಂದಿರು ಹಸುಗೂಸುಗಳನ್ನು ಕಬ್ಬಿನ ರವುದಿಯ ಮೇಲೆ ಮಲಗಿಸಿ ಕೆಲಸಕ್ಕೆ ನಿಲ್ಲುತ್ತಾರೆ. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಭುವನ್ನು ನೆನೆಯುವ ನಾವು, ಆ ಕೊಟ್ಟಿಗೆಗೆ ಇಷ್ಟು ಹತ್ತಿರವಾದ ಈ ನೆಲವನ್ನು ನಮ್ಮ ಚಿತ್ರದೊಳಗೆ ಬರಗೊಡುವುದಿಲ್ಲ.

ಇದು ಅಲಂಕಾರದ ಮಾತು ಮಾತ್ರವಲ್ಲ, ದೈವಶಾಸ್ತ್ರದ ಮಾತೂ ಹೌದು. ವಾರ್ತೆ ಮನುಷ್ಯನಾಯಿತೆಂದು ನಂಬುವವರು ಯಾವ ನೆಲವನ್ನು ನೋಡಲು ಯೋಗ್ಯವೆಂದು ಎಣಿಸುತ್ತಾರೆಂಬುದು ಅವರ ನಂಬಿಕೆಯ ಆಳವನ್ನೇ ತೋರಿಸುತ್ತದೆ. ಒಂದು ಸಮಾಜವು ತನ್ನ ಕಾಲಕೆಳಗಿನ ಸಾಧಾರಣ ಬಯಲನ್ನು ಚಿತ್ರಕ್ಕೆ ತಕ್ಕದ್ದೆಂದು ಕಾಣುವುದು ಯಾವಾಗ? ಹಾಗೆ ಕಂಡಾಗಲೂ ಅದು ಕಾಣದೆ ಬಿಡುವುದು ಯಾವುದನ್ನು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ಹದಿನೇಳನೆಯ ಶತಮಾನದ ಹಾಲೆಂಡಿನ ಭೂದೃಶ್ಯ ರೇಖಾಚಿತ್ರಗಳನ್ನು ಆರಿಸಿಕೊಂಡಿದ್ದೇವೆ. ನಮ್ಮ ಗೋದಲಿಯ ಹಿಂದಿನ ಗಾಳಿಗಿರಣಿಯ ಮೂಲ ಅಲ್ಲಿದೆ. ತಮ್ಮ ಊರಿನ ನೆಲವನ್ನೇ ಬರೆಯಬೇಕೆಂದು ಹೊರಟವರ ಚಿತ್ರವು ನಮ್ಮಲ್ಲಿಗೆ ಬಂದು ನಮ್ಮ ನೆಲವನ್ನೇ ಮರೆಸುವ ಪರದೆಯಾದದ್ದು ಚರಿತ್ರೆಯ ಒಂದು ವ್ಯಂಗ್ಯ.

ಹಾರ್ಲೆಮಿನ ಮರಳು ದಿಬ್ಬಗಳು

ಹಾರ್ಲೆಮ್ ನಗರದ ಹೆಂಡ್ರಿಕ್ ಗೊಲ್ಟ್ಸಿಯಸ್ (1558–1617) ತನ್ನ ಕಾಲದ ಹೆಸರಾಂತ ಕೊರೆಯಚ್ಚುಗಾರ. ಬಾಲ್ಯದಲ್ಲಿ ಬೆಂಕಿಯಲ್ಲಿ ಬೆಂದು ಅವನ ಬಲಗೈ ಊನವಾಗಿತ್ತು. ಆ ಕೈಯಿಂದಲೇ ಆತ ಯುರೋಪು ಬೆರಗಾಗುವಂಥ ಗೆರೆಗಳನ್ನು ಎಳೆದ. 1590ರಲ್ಲಿ ರೋಮಿಗೆ ಹೋಗಿ ಪ್ರಾಚೀನ ಶಿಲ್ಪಗಳನ್ನು ನಕಲಿಸಿ ಬಂದವನು, 1600ರ ನಂತರದ ಕೆಲವೇ ವರ್ಷಗಳಲ್ಲಿ ಊರ ಹೊರಗಿನ ಮರಳು ದಿಬ್ಬಗಳ ಮೇಲೆ ನಿಂತು, ಮಸಿ ಮತ್ತು ಲೇಖನಿಯಿಂದ ಕಣ್ಣಿಗೆ ಕಂಡ ಬಯಲನ್ನು ಬರೆದ. ಆ ಚಿತ್ರಗಳಲ್ಲಿ ಪುರಾಣದ ವೀರನಿಲ್ಲ, ಸಂತರಿಲ್ಲ, ಅರಮನೆಯಿಲ್ಲ. ತಗ್ಗಾದ ಬಾನಂಚು, ಹೊಲಗಳ ಬೇಲಿ, ಚದುರಿದ ಮರಗಳು, ದೂರದಲ್ಲಿ ಮನೆಗಳು, ಮಿಕ್ಕದ್ದೆಲ್ಲ ಆಕಾಶ. ಅದುವರೆಗೆ ಭೂಮಿಯು ಚಿತ್ರದಲ್ಲಿ ಹಿನ್ನೆಲೆಯಾಗಿ ಬರುತ್ತಿತ್ತು, ಈಜಿಪ್ಟಿಗೆ ಪಲಾಯನ ಮಾಡುವ ಪವಿತ್ರ ಕುಟುಂಬದ ಹಿಂದೆಯೋ ಬೇಟೆಯಾಡುವ ದೊರೆಯ ಹಿಂದೆಯೋ. ಈಗ ಅದೇ ಮುಖ್ಯ ವಸ್ತುವಾಯಿತು.

ಇದರ ಬೆನ್ನಿಗೇ, ಸುಮಾರು 1611–12ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಕ್ಲಾಸ್ ಯಾನ್ಸ್ ವಿಸ್ಸರ್ ಹಾರ್ಲೆಮಿನ ಸುತ್ತಲಿನ ‘ರಮ್ಯ ಸ್ಥಳಗಳ’ ಒಂದು ಚಿಕ್ಕ ಅಚ್ಚುಮಾಲೆಯನ್ನು ಹೊರತಂದ. ವಿಸ್ಸರ್ ಕಟ್ಟಾ ಕ್ಯಾಲ್ವಿನ್‌ಮತೀಯ. ಅವನು ರಮ್ಯವೆಂದು ಕರೆದ ಸ್ಥಳಗಳು ಯಾವುವು? ದಾರಿಬದಿಯ ಅರವಟಿಗೆಯಂಥ ತಂಗುಮನೆ, ಕಡಲದಂಡೆಯ ದೀಪಸ್ತಂಭ, ದಿಬ್ಬದ ಮಗ್ಗುಲಲ್ಲಿ ಬಟ್ಟೆ ಬಿಳುಪಿಸುವ ಬಯಲು, ಯುದ್ಧದಲ್ಲಿ ಪಾಳುಬಿದ್ದ ಒಂದು ಕೋಟೆಮನೆ, ಕುಷ್ಠರೋಗಿಗಳ ಆಶ್ರಯಮನೆ. ಕುಷ್ಠರೋಗಿಗಳ ಮನೆಯನ್ನೂ ರಮ್ಯ ಸ್ಥಳಗಳ ಸಾಲಿನಲ್ಲಿ ಇಟ್ಟದ್ದು ಗಮನಾರ್ಹ. ಊರಿನಿಂದ ಹೊರಗಿಟ್ಟದ್ದೂ ಇಲ್ಲಿ ನೋಟದ ಒಳಗೆ ಬಂದಿದೆ.

ಈ ಚಿತ್ರಗಳ ಬಗ್ಗೆ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳಿವೆ. ಇವು ಕಂಡದ್ದನ್ನು ಕಂಡಂತೆ ದಾಖಲಿಸುವ ಶುದ್ಧ ವಾಸ್ತವಿಕತೆ, ಇವುಗಳಲ್ಲಿ ಧರ್ಮಾರ್ಥ ಹುಡುಕಬಾರದು ಎಂಬುದು ಒಂದು. ಮುರಿದ ಮರವೆಂದರೆ ಮರಣ, ಸೇತುವೆಯೆಂದರೆ ಪರಲೋಕದ ದಾರಿ ಎಂಬಂತೆ ಪ್ರತಿ ವಸ್ತುವಿಗೂ ಗುಪ್ತ ಉಪದೇಶವನ್ನು ಹಚ್ಚುವುದು ಇನ್ನೊಂದು. ನಮಗೆ ಎರಡೂ ಸಾಲದೆನಿಸುತ್ತವೆ. ಮೊದಲನೆಯದು, ನೋಡುವುದೇ ಒಂದು ಆಯ್ಕೆ ಎಂಬುದನ್ನು ಮರೆಯುತ್ತದೆ. ಎರಡನೆಯದು ಮರವನ್ನು ಮರವಾಗಿ ಇರಗೊಡುವುದಿಲ್ಲ. ಸೃಷ್ಟಿಯು ತನ್ನಷ್ಟಕ್ಕೆ ಒಳ್ಳೆಯದಾಗಿದೆ ಎಂಬ ಆದಿಕಾಂಡದ ಮೊದಲ ಅಧ್ಯಾಯದ ನಿಲುವನ್ನು ನಂಬುವವನಿಗೆ ಮರವು ಮರವಾಗಿರುವುದರಲ್ಲಿಯೇ ಸಾಕಷ್ಟು ಅರ್ಥವಿದೆ.

ದೇವಾಲಯದಿಂದ ಬಯಲಿಗೆ

ಈ ನೋಟ ಹುಟ್ಟಿದ ಸಂದರ್ಭ ಕಥೋಲಿಕ ಓದುಗರಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. 1566ರಲ್ಲಿ ನೆದರ್‌ಲ್ಯಾಂಡ್ಸಿನ ಊರೂರುಗಳಲ್ಲಿ ಪ್ರತಿಮಾಭಂಜನ ನಡೆಯಿತು. ಸ್ವರೂಪಗಳು ಒಡೆದುಹೋದವು, ಬಲಿಪೀಠಗಳು ಉರುಳಿದವು. 1578ರಲ್ಲಿ ಹಾರ್ಲೆಮಿನ ಸಂತ ಬಾವೋ ದೇವಾಲಯವೂ ಸುಧಾರಿತ ಸಭೆಯ ವಶವಾಯಿತು. ಗೋಡೆಗಳಿಗೆ ಸುಣ್ಣ ಬಳಿಯಲಾಯಿತು. ಅದೇ ಊರಿನ ಪೀಟರ್ ಸಾನ್‌ರೆಡಾಮ್ ಮುಂದೆ ಆ ಬಿಳಿ ಗೋಡೆಗಳ ಒಳಾಂಗಣಗಳನ್ನು ಅಳತೆಯಿಟ್ಟು ಬರೆದ. ಅವುಗಳ ನಿಶ್ಶಬ್ದ ಇಂದಿಗೂ ನೋಡುಗರನ್ನು ತಡೆದು ನಿಲ್ಲಿಸುತ್ತದೆ. ಕಥೋಲಿಕರು ಬಹಿರಂಗ ಆರಾಧನೆಯ ಹಕ್ಕನ್ನು ಕಳೆದುಕೊಂಡು ಮನೆಗಳ ಒಳಗೆ ಗುಟ್ಟಾಗಿ ಬಲಿಪೂಜೆ ಅರ್ಪಿಸುವ ಸ್ಥಿತಿಗೆ ಬಂದರು. ಈ ನೋವನ್ನು ಮರೆಮಾಚಿ ಡಚ್ ಕಲೆಯನ್ನು ಹೊಗಳುವುದು ಸರಿಯಲ್ಲ.

ಆದರೂ ಒಂದು ಸಂಗತಿಯನ್ನು ಒಪ್ಪಲೇಬೇಕು. ಚಿತ್ರಗಳು ಓದುಬಾರದವರಿಗೆ ಗ್ರಂಥವಿದ್ದಂತೆ ಎಂದು ಸುಮಾರು 600ರಲ್ಲಿ ಪೋಪ್ ಮಹಾ ಗ್ರೆಗರಿಯವರು ಮಾರ್ಸೇಲ್ಸಿನ ಧರ್ಮಾಧ್ಯಕ್ಷರಿಗೆ ತಿಳಿಹೇಳಿದ್ದರು. 1563ರ ಹೈಡಲ್‌ಬರ್ಗ್ ಧರ್ಮೋಪದೇಶವು ಈ ವಾದವನ್ನು ಹೆಚ್ಚುಕಡಿಮೆ ಹೆಸರಿಟ್ಟೇ ತಳ್ಳಿಹಾಕಿತು. ದೇವಾಲಯದಲ್ಲಿ ಅಂಥ ಗ್ರಂಥಕ್ಕೆ ಎಡೆಯಿಲ್ಲವೆಂದಿತು. ಅದಕ್ಕಿಂತ ಎರಡು ವರ್ಷ ಮೊದಲು, 1561ರಲ್ಲಿ, ಗೈಡೋ ಡಿ ಬ್ರೆ ರಚಿಸಿದ ಬೆಲ್ಜಿಕ್ ವಿಶ್ವಾಸ ಪ್ರಮಾಣವು ತನ್ನ ಎರಡನೆಯ ವಿಧಿಯಲ್ಲಿ ಇನ್ನೊಂದು ಗ್ರಂಥವನ್ನು ಮುಂದಿಟ್ಟಿತ್ತು: ಸೃಷ್ಟಿಯೇ ಕಣ್ಣೆದುರಿನ ಸುಂದರ ಗ್ರಂಥ, ಚಿಕ್ಕದೊಡ್ಡ ಜೀವಿಗಳೆಲ್ಲ ಅದರ ಅಕ್ಷರಗಳು. ಒಂದು ಗ್ರಂಥವನ್ನು ಮುಚ್ಚಿದವರು ಮತ್ತೊಂದನ್ನು ತೆರೆದಿಟ್ಟರು. ಬಲಿಪೀಠದಿಂದ ಇಳಿಸಲ್ಪಟ್ಟ ಚಿತ್ರಕಲೆ ಸಾಯಲಿಲ್ಲ. ಊರ ಬಾಗಿಲು ದಾಟಿ ಬಯಲಿಗೆ ಹೋಯಿತು.

ಇದನ್ನು ಕ್ಯಾಲ್ವಿನ್‌ಮತದ ಒಂದೇ ಕಾರಣಕ್ಕೆ ಕಟ್ಟಿಹಾಕುವುದು ಉತ್ಪ್ರೇಕ್ಷೆಯಾದೀತು. ಚಿತ್ರಕಾರರಲ್ಲಿ ಮೆನ್ನೋನೈಟರೂ ಕಥೋಲಿಕರೂ ಇದ್ದರು. ಚಿತ್ರಕಾರರ ಜೀವನ ಚರಿತ್ರೆಗಳನ್ನೂ ಭೂದೃಶ್ಯದ ಬಗೆಗಿನ ಪಾಠಗಳನ್ನೂ 1604ರಲ್ಲಿ ಹಾರ್ಲೆಮಿನಲ್ಲಿ ಪ್ರಕಟಿಸಿದ ಕಾರೆಲ್ ವಾನ್ ಮಾಂಡರ್ ಮೆನ್ನೋನೈಟ್ ಪಂಥದವನು. ಇನ್ನು ಸೃಷ್ಟಿಯೆಂಬ ಗ್ರಂಥದ ಕಲ್ಪನೆ ಪ್ರಾಟೆಸ್ಟೆಂಟರ ಸ್ವಂತ ಸೊತ್ತೂ ಅಲ್ಲ. ಸಂತ ಅಗಸ್ಟೀನರಲ್ಲಿ ಅದಿದೆ, ಸಂತ ಬೊನವೆಂಚರರಲ್ಲಿ ಅದು ಪೂರ್ಣವಾಗಿ ಅರಳಿದೆ. ನಮ್ಮದೇ ಪರಂಪರೆಯಲ್ಲಿ ಬೋಧನೆಯಾಗಿ ಉಳಿದಿದ್ದ ಮಾತು ಅವರಲ್ಲಿ ಜನಸಾಮಾನ್ಯರ ಕಣ್ಣಿನ ಅಭ್ಯಾಸವಾಯಿತು ಎಂಬುದೇ ನಾವು ವಿನಯದಿಂದ ಕಲಿಯಬೇಕಾದ ಪಾಠ.

ಒಡ್ಡು ಕಟ್ಟಿದ ಸಮಾಜ

ಈ ಅಭ್ಯಾಸಕ್ಕೆ ನೆಲದ ಚರಿತ್ರೆಯೂ ಕಾರಣ. ಹಾಲೆಂಡಿನ ಬಹುಭಾಗ ನೀರಿನೊಂದಿಗೆ ಹೋರಾಡಿ ಉಳಿಸಿಕೊಂಡ ನೆಲ. 1421ರ ಸಂತ ಎಲಿಜಬೆತ್ ಪ್ರವಾಹ ಹಳ್ಳಿಗಳನ್ನೇ ನುಂಗಿದ್ದು ಆ ಜನರ ನೆನಪಿನಲ್ಲಿ ಅಚ್ಚೊತ್ತಿತ್ತು. ಒಡ್ಡು ಕಾಯುವುದಕ್ಕೆ ಮಧ್ಯಯುಗದಿಂದಲೇ ಅಲ್ಲಿ ಜಲಮಂಡಳಿಗಳಿದ್ದವು. ಯಾರ ಹೊಲಕ್ಕೆ ಒಡ್ಡಿನ ರಕ್ಷಣೆಯಿತ್ತೋ ಅವರು ಅದರ ಖರ್ಚು ಮತ್ತು ದುಡಿಮೆಯಲ್ಲಿ ಪಾಲು ಕೊಡಬೇಕಿತ್ತು. ನೆರೆಯವನ ಅಲಕ್ಷ್ಯ ತನ್ನ ಮನೆಯನ್ನು ಮುಳುಗಿಸಬಲ್ಲದೆಂಬ ಅರಿವು ಆ ಸಮಾಜದ ತಳಹದಿ. 1609ರಿಂದ 1621ರವರೆಗೆ ಸ್ಪೇನಿನೊಂದಿಗೆ ಹನ್ನೆರಡು ವರ್ಷಗಳ ಕದನವಿರಾಮ ಏರ್ಪಟ್ಟಾಗ ಜನರು ಭಯವಿಲ್ಲದೆ ಊರ ಹೊರಗೆ ನಡೆಯತೊಡಗಿದರು. 1612ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವರ್ತಕರ ಬಂಡವಾಳದಿಂದ, ಸಾಲುಸಾಲು ಗಾಳಿಗಿರಣಿಗಳು ನೀರೆತ್ತಿ, ಬೇಮ್‌ಸ್ಟರ್ ಎಂಬ ವಿಶಾಲ ಸರೋವರ ಒಣಗಿ ಹೊಲವಾಯಿತು. ಕೈಯಾರೆ ಪಡೆದ ನೆಲವನ್ನು ಮನುಷ್ಯ ಬೇರೆಯೇ ಕಣ್ಣಿನಿಂದ ನೋಡುತ್ತಾನೆ.

ಚಿತ್ರ ಕೊಳ್ಳುವವರೂ ಬದಲಾಗಿದ್ದರು. ಧರ್ಮಸಭೆಯೂ ಆಸ್ಥಾನವೂ ಪೋಷಕ ಸ್ಥಾನದಲ್ಲಿ ಇಲ್ಲದಿರುವಾಗ ಚಿತ್ರ ಅಂಗಡಿಗೆ ಬಂತು, ಜಾತ್ರೆಗೆ ಬಂತು. 1641ರಲ್ಲಿ ರಾಟರ್‌ಡ್ಯಾಮಿನ ಜಾತ್ರೆಯಲ್ಲಿ ಭೂದೃಶ್ಯಗಳು ರಾಶಿಯಾಗಿ ಮಾರಾಟವಾಗುವುದನ್ನೂ ರೈತರೂ ಅವುಗಳನ್ನು ಕೊಳ್ಳುವುದನ್ನೂ ಕಂಡು ಇಂಗ್ಲಿಷ್ ಪ್ರವಾಸಿ ಜಾನ್ ಈವ್ಲಿನ್ ಅಚ್ಚರಿಪಟ್ಟ. ಯಾನ್ ವಾನ್ ಗೋಯೆನ್ (1596–1656) ಜೇಬಿನಲ್ಲಿ ಪುಟ್ಟ ಪುಸ್ತಕವಿಟ್ಟುಕೊಂಡು ಹೊಳೆ, ದೋಣಿ, ಹಳ್ಳಿ, ಸಂತೆಗಳನ್ನು ಕಪ್ಪು ಸೀಮೆಸುಣ್ಣದಲ್ಲಿ ಬರೆಯುತ್ತ ಅಲೆದ. ಅವನ ನೂರಾರು ರೇಖಾಚಿತ್ರಗಳು ಉಳಿದಿವೆ. ಅವನ ಗೆರೆ ಗಾಳಿಯಂತೆ ಹಗುರ. ನಾಲ್ಕು ಗೀರುಗಳಲ್ಲಿ ನೀರು, ಎರಡು ಗೀರುಗಳಲ್ಲಿ ಮೋಡ. ಈ ಚಿತ್ರಗಳ ಮುಂದೆ ನಿಂತಾಗ ನೀರಿಗೆ ಮೇರೆಯನ್ನೂ ದನಗಳಿಗೆ ಹುಲ್ಲನ್ನೂ ಮನುಷ್ಯನಿಗೆ ದುಡಿಮೆಯ ದಿನವನ್ನೂ ಕೊಟ್ಟ ದೇವರನ್ನು ಕೊಂಡಾಡುವ 104ನೆಯ ಕೀರ್ತನೆ ತಾನಾಗಿ ನೆನಪಾಗುತ್ತದೆ.

ಚಿತ್ರದಲ್ಲಿ ಕಾಣದ್ದು

ಆದರೆ ವಿಮರ್ಶೆ ಇಲ್ಲಿಗೇ ನಿಂತರೆ ಅದು ಭಕ್ತಿಯ ಹೊಗಳಿಕೆಯಾಗುತ್ತದೆ. ವಾನ್ ಗೋಯೆನ್ ನೆಲದ ಚಿತ್ರ ಬರೆದದ್ದಷ್ಟೇ ಅಲ್ಲ, ನೆಲದ ಮೇಲೂ ಟ್ಯೂಲಿಪ್ ಗಡ್ಡೆಗಳ ಮೇಲೂ ಹಣ ಹೂಡಿ ಜೂಜಾಡಿದ. 1637ರಲ್ಲಿ ಟ್ಯೂಲಿಪ್ ಬೆಲೆ ಕುಸಿಯಿತು. ಆತ ಸಾಲದಲ್ಲಿಯೇ ಸತ್ತ. ಯಾರ ಗೆರೆಯಲ್ಲಿ ಭೂಮಿ ದೇವರ ವರವಾಗಿ ಕಂಡಿತೋ ಅವನ ಲೆಕ್ಕದ ಪುಸ್ತಕದಲ್ಲಿ ಅದು ಸರಕಾಗಿತ್ತು. ಇದು ಅವನೊಬ್ಬನ ವೈರುಧ್ಯವಲ್ಲ, ಆ ಸಮಾಜದ್ದೇ ವೈರುಧ್ಯ.

ಕದನವಿರಾಮ ಮುಗಿದ 1621ರಲ್ಲಿಯೇ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸೋನ್ ಕೂನ್ ಜಾಯಿಕಾಯಿಯ ವ್ಯಾಪಾರಕ್ಕಾಗಿ ಬಾಂಡಾ ದ್ವೀಪಗಳನ್ನು ಗೆದ್ದ. ಅಲ್ಲಿಯ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಹತರಾದರು, ಹಸಿವಿನಿಂದ ಸತ್ತರು, ಇಲ್ಲವೆ ಗುಲಾಮರಾಗಿ ಸಾಗಿಸಲ್ಪಟ್ಟರು. ಆ ತೋಟಗಳಿಗೆ ಗುಲಾಮರನ್ನು ತಂದು ದುಡಿಸಲಾಯಿತು. ಹಾರ್ಲೆಮಿನ ಬಯಲಿನ ಶಾಂತಿಗೂ ಬಾಂಡಾದ ಶೂನ್ಯಕ್ಕೂ ನಡುವೆ ಹಡಗುಗಳ ದಾರಿಯಿತ್ತು. ಸರೋವರಗಳನ್ನು ಒಣಗಿಸಿದ ವರ್ತಕರ ಸಿರಿಗೆ ದೂರದ ಕಡಲುಗಳ ವ್ಯಾಪಾರವೂ ಒಂದು ಆಧಾರ. ಊರಿನ ಭೂದೃಶ್ಯದಲ್ಲಿ ಹಡಗಿನ ಪಟ ಕಾಣುತ್ತದೆ, ಹಡಗು ಹೋದ ಊರು ಕಾಣುವುದಿಲ್ಲ.

ಒಮ್ಮೊಮ್ಮೆ ಆ ದೂರದ ಲೋಕ ಕಾಗದದಲ್ಲಿಯೇ ಬಂದು ಕೂಡುತ್ತದೆ. ಆಮ್‌ಸ್ಟರ್‌ಡ್ಯಾಮಿನ ಹೊರವಲಯದ ಗುಡಿಸಲುಗಳನ್ನೂ ಒಡ್ಡುಗಳನ್ನೂ ಅಕ್ಕರೆಯಿಂದ ಬರೆದ ರೆಂಬ್ರಾಂಟ್, ಸುಮಾರು 1656ರಿಂದ 1661ರ ನಡುವೆ ಇಪ್ಪತ್ತಕ್ಕೂ ಹೆಚ್ಚು ಮೊಗಲ್ ಕಿರುಚಿತ್ರಗಳನ್ನು ಏಷ್ಯಾದಿಂದ ಬಂದ ಕಾಗದದ ಮೇಲೆ ನಕಲಿಸಿದ. ಗೌರವದಿಂದ ನಕಲಿಸಿದ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಚಿತ್ರಗಳೂ ಆ ಕಾಗದವೂ ಹಾಲೆಂಡಿಗೆ ತಲುಪಿದ್ದು ವ್ಯಾಪಾರದ ಹಡಗುಗಳಿಂದ. ಮುಂದೆ ಯಾಕೋಬ್ ವಾನ್ ರೌಸ್‌ಡಾಲ್ ಬರೆದ ಹಾರ್ಲೆಮಿನ ನೋಟಗಳಲ್ಲಿ ಬಿಸಿಲು ಬಿದ್ದ ಬಯಲಿನ ತುಂಬ ಬಿಳುಪಿಸಲು ಹರಡಿದ ಬಟ್ಟೆಗಳಿವೆ, ಬಾನಂಚಿನಲ್ಲಿ ಸಂತ ಬಾವೋ ದೇವಾಲಯ ಎದ್ದು ನಿಂತಿದೆ. ಬಟ್ಟೆ ಹರಡಿದವರು ಇರುವೆಗಳಷ್ಟು ಚಿಕ್ಕವರು. ಅವರ ಕೂಲಿ, ಅವರ ಕೈಯ ಬಿರುಕು ಆ ಬೆಳಕಿನಲ್ಲಿ ಕರಗಿಹೋಗುತ್ತದೆ. ಸುಂದರವಾದ ಬೆಳಕು ಸುಳ್ಳು ಹೇಳದೆಯೂ ಮರೆಮಾಡಬಲ್ಲದು.

ಬಿಜಾಪುರಕ್ಕೆ ಬಂದ ಹಾರ್ಲೆಮಿನವ

ಈ ಚರಿತ್ರೆ ನಮ್ಮ ನೆಲಕ್ಕೆ ಸಂಬಂಧವಿಲ್ಲದ ಕಥೆಯಲ್ಲ. ಗೊಲ್ಟ್ಸಿಯಸ್ ದಿಬ್ಬ ಹತ್ತಿದ ಅದೇ ಹಾರ್ಲೆಮಿನಿಂದ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಚಿತ್ರಕಾರ ಹೊರಟು, ಪ್ರಾಗಿನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಸೇವೆಯಲ್ಲಿದ್ದು, ಪರ್ಷಿಯಾದ ದೊರೆಯ ಆಸ್ಥಾನಕ್ಕೆಂದು ಪ್ರಯಾಣ ಬೆಳೆಸಿ, ಕೊನೆಗೆ ಸುಮಾರು 1610ರಲ್ಲಿ ಬಿಜಾಪುರಕ್ಕೆ ಬಂದು ಸೇರಿದ. ಕಲೆ ಸಂಗೀತಗಳ ರಸಿಕನಾದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ 1622ರ ಸುಮಾರಿಗೆ ಸಾಯುವವರೆಗೂ ಅಲ್ಲಿಯೇ ಇದ್ದ. ಆತ ಸುಲ್ತಾನನಿಗೆ ಬರೆದುಕೊಟ್ಟದ್ದರಲ್ಲಿ ನಮಗೆ ತಿಳಿದಿರುವುದು ವೀನಸ್, ಬಾಕಸ್, ಸೆರೆಸ್ ಎಂಬ ರೋಮನ್ ದೇವತೆಗಳ ಚಿತ್ರ. ಅವನದೆಂದು ನಿಶ್ಚಯವಾಗಿ ಹೇಳಬಹುದಾದ ಬಿಜಾಪುರದ ಕೃತಿ ಇಂದು ಉಳಿದಿಲ್ಲ.

ಹುಕ್ಕೇರಿಯ ಗುಮ್ಮಟಗಳು ಆ ಆದಿಲಶಾಹಿ ಆಳ್ವಿಕೆಯ ಗುರುತುಗಳು. ಅಂದರೆ ಹಾರ್ಲೆಮಿನಲ್ಲಿ ಬಯಲು ಚಿತ್ರವಾಗುತ್ತಿದ್ದ ದಶಕದಲ್ಲಿಯೇ ಆ ಊರಿನ ಒಬ್ಬ ಕುಶಲಿ ನಮ್ಮನ್ನಾಳಿದ ದೊರೆಯ ಬಳಿ ಇದ್ದ. ಆದರೆ ಅವನು ತಂದದ್ದು ಆಸ್ಥಾನಕ್ಕೆ ಒಪ್ಪುವ ದೇವತೆಗಳನ್ನು, ಬಯಲನ್ನು ನೋಡುವ ಹೊಸ ಕಣ್ಣನ್ನಲ್ಲ. ಇದಕ್ಕೆ ಅವನನ್ನು ದೂರುವುದು ಸಲ್ಲದು. ನೋಟವನ್ನು ಒಬ್ಬ ವ್ಯಕ್ತಿ ಹೊತ್ತು ತರಲಾರ. ಅದಕ್ಕೆ ಕೊಳ್ಳುವ ರೈತ, ಒಡ್ಡು ಕಾಯುವ ನೆರೆಯವ, ಅಂಗಡಿ, ಅಚ್ಚುಮನೆ ಎಲ್ಲವೂ ಬೇಕು. ಭೂದೃಶ್ಯವನ್ನು ಕೈಯೊಂದೇ ಬರೆಯುವುದಿಲ್ಲ, ಸಮಾಜವೇ ಬರೆಯುತ್ತದೆ.

ಘಟಪ್ರಭೆಯ ದಂಡೆ

ಹಾಗಾದರೆ ನಮ್ಮ ಸಮಾಜ ತನ್ನ ನೆಲವನ್ನು ಹೇಗೆ ನೋಡಿದೆ? ಗೋಕಾಕವೆಂದರೆ ಎಲ್ಲರ ಕಣ್ಣಿಗೆ ಬರುವುದು ಜಲಪಾತ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಆ ನೋಟವನ್ನು 1884ರ ಬೆಳಗಾವಿ ಗೆಜೆಟಿಯರ್ ವರ್ಣಿಸಿತು. ಛಾಯಾಚಿತ್ರಗಳು ಅದನ್ನೇ ಮತ್ತೆ ಮತ್ತೆ ತೋರಿಸಿದವು. ಆ ನೀರಿನ ಬಲದಿಂದ 1880ರ ದಶಕದಲ್ಲಿ ಆರಂಭವಾದ ನೂಲಿನ ಗಿರಣಿಯೂ, ಪಾಳಿ ಮುಗಿಸಿ ಬರುವ ಕಾರ್ಮಿಕರ ತಲೆಮಾರುಗಳೂ ಚಿತ್ರದ ಚೌಕಟ್ಟಿನಿಂದ ಬಹುಮಟ್ಟಿಗೆ ಹೊರಗುಳಿದವು. ಧುಮುಕುವ ನೀರು ಪ್ರೇಕ್ಷಣೀಯವಾಯಿತು, ದುಡಿಯುವ ನೀರು ಆಗಲಿಲ್ಲ.

ನಮ್ಮಲ್ಲಿ ಸಾಧಾರಣವನ್ನು ನೋಡುವ ಕಣ್ಣೇ ಇರಲಿಲ್ಲವೆಂದು ಹೇಳಲಾಗದು. ಗೋಕಾಕದ ಗೊಂಬೆ ಮಾಡುವ ಮನೆತನಗಳವರು ಹಗುರ ಕಟ್ಟಿಗೆ, ಮಣ್ಣು, ಬಣ್ಣಗಳಿಂದ ಮಾಡುವ ಹಣ್ಣು ಕಾಯಿಪಲ್ಲೆಗಳನ್ನು ನೋಡಿ. ಬದನೆಯ ತೊಟ್ಟು, ಬಾಳೆಯ ಮೇಲಿನ ಕಪ್ಪು ಚುಕ್ಕೆ, ಸೀತಾಫಲದ ಕಣ್ಣುಗಳು ಎಷ್ಟು ನಿಜವೆಂದರೆ ಮಕ್ಕಳು ಕೈಚಾಚುತ್ತಾರೆ. ಡಚ್ ಚಿತ್ರಕಾರರು ಮೇಜಿನ ಮೇಲಿನ ಹಣ್ಣಿಗೆ ಕೊಟ್ಟ ಗಮನಕ್ಕೆ ಇದು ಕಡಿಮೆಯಲ್ಲ. ಸಿಲ್ವೆಪುರದ ಜ್ಯೋತಿ ಸಾಹಿಯವರು ಭಾರತದ ಮಣ್ಣು, ನೀರು, ಮರಗಳ ಮೂಲಕ ಕ್ರೈಸ್ತ ವಿಶ್ವಾಸವನ್ನು ಚಿತ್ರಿಸುತ್ತ ಬಂದಿದ್ದಾರೆ. ಕಣ್ಣಿದೆ, ಕೈಯಿದೆ, ನಮ್ಮ ಬಯಲಿಗೆ ಅದನ್ನು ತಿರುಗಿಸುವ ಧೈರ್ಯ ಬೇಕಾಗಿದೆ.

ಆ ಬಯಲಿನ ಕಥೆಯಾದರೋ ಡಚ್ಚರ ಕಥೆಯ ತಿರುವುಮುರುವು. ಅವರು ನೀರನ್ನು ಬಸಿದು ನೆಲ ಪಡೆದರು. ನಾವು ನೆಲವನ್ನು ಮುಳುಗಿಸಿ ನೀರು ಪಡೆದೆವು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಹುನ್ನೂರಿನ ಹಳೆಯ ವಿಠ್ಠಲ ದೇವಾಲಯ ಬೇಸಿಗೆಯಲ್ಲಿ ನೀರಿಳಿದಾಗ ಕಾಣಿಸಿಕೊಂಡು ಮಳೆಗಾಲದಲ್ಲಿ ಮತ್ತೆ ಮರೆಯಾಗುತ್ತದೆ. ಆ ನೀರು ಧುಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆಗೆ ಹರಿದು ಮೂಡಲಗಿಯ ಕಡೆಯ ಹೊಲಗಳನ್ನು ಹಸಿರಾಗಿಸಿತು. ಜೋಳದ ನೆಲ ಕಬ್ಬಿನ ನೆಲವಾಯಿತು. ಒಬ್ಬರ ಹಸಿರಿಗೆ ಇನ್ನೊಬ್ಬರ ಊರು ಬೆಲೆಯಾಯಿತು. 2019ರ ಆಗಸ್ಟಿನಲ್ಲಿ ನದಿ ಮೇರೆ ಮೀರಿದಾಗ ಲೋಳಸೂರ ಸೇತುವೆ ಮುಳುಗಿತು. ಗೋಕಾಕ, ಮೂಡಲಗಿ ಭಾಗದ ನದೀತೀರದ ಕುಟುಂಬಗಳು ದನಕರುಗಳೊಂದಿಗೆ ಎತ್ತರದ ಜಾಗಗಳಿಗೆ ಹೋಗಿ ಕುಳಿತವು. ಕಾಲುವೆಯ ಹಸಿರು, ಮುಳುಗಿದ ಊರು, ಕೊಚ್ಚಿಹೋದ ಮನೆ, ಜೋಪಡಿಯ ಕೂಸು: ಈ ನಾಲ್ಕೂ ಒಂದೇ ಹೊಳೆಯ ಚಿತ್ರ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಅದು ನಮ್ಮ ನೆಲವಲ್ಲ.

ಉಪಸಂಹಾರ

ಡಚ್ ರೇಖಾಚಿತ್ರಗಳಿಂದ ನಾವು ಕೃತಜ್ಞತೆಯಿಂದ ಪಡೆಯಬೇಕಾದದ್ದು ಗಾಳಿಗಿರಣಿಯನ್ನಲ್ಲ, ಗಮನವನ್ನು. ವಿಶೇಷವಾದದ್ದು ಏನೂ ಇಲ್ಲದ ಬಯಲು ಕೂಡ ದೇವರ ಕೈಬರಹವೆಂದು ತಾಳ್ಮೆಯಿಂದ ನಿಂತು ನೋಡುವುದನ್ನು ಅವರು ಕಲಿಸುತ್ತಾರೆ. ಅವರಿಂದ ಎಚ್ಚರಿಕೆಯಾಗಿ ಪಡೆಯಬೇಕಾದದ್ದೂ ಒಂದಿದೆ: ಹಾಗೆ ನೋಡುವ ಕಣ್ಣು ಆ ಬಯಲಿನ ಬೆಲೆ ತೆತ್ತವರನ್ನು ಕಾಣದೆಯೂ ಇರಬಹುದು. ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಕೂಡಿಯೇ ಕೇಳಬೇಕೆಂದು ಬೋಧಿಸಿದ್ದು ಇದೇ ಕಾರಣಕ್ಕೆ. ಸೃಷ್ಟಿಯ ಧ್ಯಾನವು ಶಿಲುಬೆಯ ಧ್ಯಾನದಿಂದ ಬೇರೆಯಾದಾಗ ಅದು ಬರಿಯ ಸೊಬಗಾಗಿ ಉಳಿಯುತ್ತದೆ. ಶಿಲುಬೆಯನ್ನು ನೆಟ್ಟದ್ದೂ ಊರ ಹೊರಗಿನ ಒಂದು ದಿಬ್ಬದ ಮೇಲೆಯೇ ಎಂಬುದನ್ನು ಭೂದೃಶ್ಯ ನೋಡುವ ಕ್ರೈಸ್ತ ಮರೆಯಬಾರದು.

ಗುರುಮಠಗಳಲ್ಲಿ ಸೃಷ್ಟಿಯ ದೈವಶಾಸ್ತ್ರವನ್ನು ಕಲಿಸುವ ನಾವು ವಿದ್ಯಾರ್ಥಿಗಳ ಕೈಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಒಂದು ದಿನ ಕಾಲುವೆಯ ದಂಡೆಗೆ ಕಳುಹಿಸಬೇಕು. ಚೆಂದವಾಗಿ ಬರೆಯುವುದು ಮುಖ್ಯವಲ್ಲ. ಕಂಡದ್ದನ್ನು ಬಿಡದೆ ಬರೆಯುವುದು ಮುಖ್ಯ. ನಮ್ಮ ಧರ್ಮಕೇಂದ್ರಗಳ ಗೋದಲಿಯಲ್ಲಿ ಹತ್ತಿಯ ಹಿಮದ ಬದಲು ಒಂದು ಹಿಡಿ ಕಬ್ಬಿನ ರವುದಿ ಹಾಸಿದರೆ, ಹಿಂದಿನ ಪಟದಲ್ಲಿ ಹಿಡಕಲ್ಲಿನ ಹಿನ್ನೀರನ್ನೂ ಹೊಲದಂಚಿನ ಜೋಪಡಿಯನ್ನೂ ನಮ್ಮ ಮಕ್ಕಳೇ ಬರೆದರೆ, ಮರಿಯಮ್ಮ ಮತ್ತು ಜೋಸೆಫರು ದಾರಿ ಕೇಳದೆ ಒಳಗೆ ಬಂದಾರು. ಅವರಿಗೆ ಆ ಜೋಪಡಿ ಹೊಸದಲ್ಲ.